ಹೆಂಗೋ ಗೆದ್ವಿ

ಕಂಠೀರವ ಸ್ಟೇಡಿಯಮ್ಮಿನಲ್ಲಿ ಬೆಂಗಳೂರು ಎಫ್‌ಸಿ ಒಂದೇ ಗೋಲಿನ ಅಂತರದಲ್ಲಿ ಗೆದ್ದ ರಾತ್ರಿ ಕಬ್ಬನ್ ಪಾರ್ಕ್ ಮೆಟ್ರೋ ಕಡೆ ನಡೆಯುವ ನೀಲಿ ಜೆರ್ಸಿಗಳ ಜೊತೆ ಸ್ವಲ್ಪ ದೂರ ಹೋದರೆ ಸಾಕು, ಈ ಪದ ಕಿವಿಗೆ ಬಿದ್ದೇ ಬೀಳುತ್ತದೆ.

‘ಹೆಂಗೋ ಗೆದ್ವಿ ಗುರು.’

‘ಯಾಕೋ, ಫಸ್ಟ್ ಹಾಫ್ ಚೆನ್ನಾಗೇ ಇತ್ತಲ್ಲ?’

‘ಇಪ್ಪತ್ತು ನಿಮಿಷ ಚೆನ್ನಾಗಿತ್ತು. ಗೋಲ್ ಬಂತು, ಎಲ್ಲಾ ಹಿಂದಕ್ಕೆ ಹೋಗಿ ಬಾಕ್ಸ್ ಒಳಗೇ ಕೂತ್ಬಿಟ್ರು. ಕೀಪರ್ ಗುರ್‌ಪ್ರೀತ್ ಆ ಎರಡು ತಡೀದೇ ಇದ್ದಿದ್ರೆ?’

‘ತಡೆದ್ನಲ್ಲ, ಬಿಡು. ಮೂರು ಪಾಯಿಂಟ್ ಬಂತು.’

‘ಅದೇ ನಾನೂ ಹೇಳಿದ್ದು. ಹೆಂಗೋ.’

ಹೊರಗಿನವರು ಕೇಳಿದರೆ ಇವರ ತಂಡ ಸೋತಿರಬೇಕು ಅಂದುಕೊಳ್ಳುತ್ತಾರೆ. ಗೆದ್ದ ರಾತ್ರಿಯ ಮಾತಿನಲ್ಲಿ ಇಷ್ಟೊಂದು ಅಸಮಾಧಾನ ಯಾಕೆ? ನನಗೆ ಅನಿಸುವುದು, ಅದು ಅಸಮಾಧಾನವಲ್ಲ, ಲೆಕ್ಕ. ಗೆಲುವು ನಮ್ಮ ಖಾತೆಗೆ, ಆದರೆ ಆ ಗೆಲುವಿನ ಶ್ರೇಯಸ್ಸನ್ನು ಇವತ್ತಿನ ಆಟಕ್ಕೆ ಕೊಡಲು ಮನಸ್ಸಿಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಲು ನಮಗಿರುವ ಪದ ಹೆಂಗೋ.

ಪ್ರಶ್ನೆ ಕೇಳುವ ಪದದ ಬಾಲಕ್ಕೆ ‘ಓ’ ಅಂಟಿಸಿದರೆ ಕನ್ನಡದಲ್ಲಿ ಪ್ರಶ್ನೆ ಅಲ್ಲೇ ಮಲಗಿಬಿಡುತ್ತದೆ. ಯಾರು ಅಂದರೆ ಹೆಸರು ಬೇಕು, ಯಾರೋ ಅಂದರೆ ಬೇಡ. ಎಲ್ಲಿ ಅಂದರೆ ಜಾಗ ತೋರಿಸಬೇಕು, ಎಲ್ಲೋ ಅಂದರೆ ಹುಡುಕುವುದನ್ನು ಬಿಟ್ಟಾಯಿತು. ಹೇಗೆ ಎಂಬುದು ಹೇಗೋ ಆಗುವುದೂ ಇದೇ ದಾರಿಯಲ್ಲಿ. ಪುಸ್ತಕದಲ್ಲಿ ಹೇಗೋ, ಬೆಂಗಳೂರು, ಮೈಸೂರು, ಮಂಡ್ಯದ ಬಾಯಲ್ಲಿ ಹೆಂಗೋ, ಧಾರವಾಡದ ಕಡೆ ಹ್ಯಾಂಗೋ. ಈ ‘ಓ’ ನಮ್ಮೊಬ್ಬರ ಸ್ವತ್ತೂ ಅಲ್ಲ. ಬೆಂಗಳೂರಿನ ಫುಟ್‌ಬಾಲ್ ಬೆಳೆದದ್ದು ಆಸ್ಟಿನ್ ಟೌನ್, ಮರ್ಫಿ ಟೌನ್, ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡಿರುವ ಗೌತಮಪುರದಂಥ ಬೀದಿಗಳಲ್ಲಿ. ಅಲ್ಲಿ ಕನ್ನಡಕ್ಕಿಂತ ತಮಿಳೇ ಹೆಚ್ಚು ಕೇಳಿಸುತ್ತಿತ್ತು, ಈಗಲೂ ಕೇಳಿಸುತ್ತದೆ. ತಮಿಳರು ‘ಎಪ್ಪಡಿಯೋ’ ಅನ್ನುತ್ತಾರೆ. ತೆಲುಗಿನವರು ‘ಎಲಾಗೋ’, ಮಲಯಾಳಿಗಳು ‘ಎಂಗನೆಯೋ’. ಸ್ಟೇಡಿಯಮ್ಮಿನ ಗೇಟಿನಲ್ಲಿ ನಾಲ್ಕು ಭಾಷೆಯ ನಾಲ್ಕು ಗೆಳೆಯರು ಒಂದೇ ಗೆಲುವನ್ನು ಗೊಣಗಿಕೊಂಡು ಹೊರಬಂದರೆ ನಾಲ್ಕೂ ಗೊಣಗಾಟ ಮುಗಿಯುವುದು ‘ಓ’ಕಾರದಲ್ಲೇ.

ಹೆಂಗೋ ಎಂಬುದಕ್ಕೆ ಇಬ್ಬರು ಅಣ್ಣಂದಿರಿದ್ದಾರೆ, ಹೇಗೂ ಮತ್ತು ಹೇಗಾದರೂ. ಒಂದು ಪಂದ್ಯದೊಳಗೆ ಈ ಮೂವರೂ ಸರದಿಯ ಪ್ರಕಾರ ಬರುತ್ತಾರೆ. ಸಂಜೆ ಏಳೂವರೆಗೆ ಆಟ ಶುರುವಾಗುವ ಮುಂಚೆ, ಎದುರಾಳಿ ಪಟ್ಟಿಯ ತಳದಲ್ಲಿದ್ದರೆ, ‘ಹೇಗೂ ಗೆಲ್ತೀವಿ, ಎಷ್ಟು ಗೋಲ್ ಅಂತ ಹೇಳು’ ಎಂಬ ಮಾತು. ಎಪ್ಪತ್ತನೇ ನಿಮಿಷಕ್ಕೂ ಸೊನ್ನೆ–ಸೊನ್ನೆ ಇದ್ದರೆ ದನಿ ಇಳಿಯುತ್ತದೆ, ಬೇಡಿಕೆಯಾಗುತ್ತದೆ: ‘ಹೆಂಗಾದ್ರೂ ಮಾಡಿ ಒಂದ್ ಹೊಡೀರೋ.’ ಕೊನೆಗೆ ಯಾರದೋ ಮೊಣಕಾಲಿಗೆ ತಗುಲಿ ಚೆಂಡು ಬಲೆಯೊಳಗೆ ಉರುಳಿದ ಮೇಲೆ ಹೆಂಗೋ. ‘ಊ’ದಿಂದ ‘ಓ’ಗೆ ಬರಲು ತೊಂಬತ್ತು ನಿಮಿಷ ಹಿಡಿಯುತ್ತದೆ.

ಇದರಲ್ಲಿ ಇನ್ನೊಂದು ಚಮತ್ಕಾರವಿದೆ. ‘ಹೆಂಗೆಂಗೋ ಆಡಿದ್ರು, ಹೆಂಗೋ ಗೆದ್ವಿ’ ಎಂಬ ಮಾತನ್ನು ಗಮನಿಸಿ. ಆಡಿದವರು ಅವರು, ಗೆದ್ದವರು ನಾವು. ಅರ್ಧ ವಾಕ್ಯದಲ್ಲಿ ಅಭಿಮಾನಿ ತಂಡದಿಂದ ಹೊರಗೆ ನಿಂತು ಬೈದು, ಉಳಿದರ್ಧದಲ್ಲಿ ಒಳಗೆ ಬಂದು ಕೂತುಬಿಡುತ್ತಾನೆ. ಇದು ಕಪಟವಲ್ಲ, ಎಲ್ಲ ಊರಿನ ಎಲ್ಲ ಅಭಿಮಾನಿಗಳೂ ಹೀಗೆಯೇ. ಕನ್ನಡದ ಕ್ರಿಯಾಪದ ಮಾತ್ರ ಅದನ್ನು ಬಚ್ಚಿಡಲು ಬಿಡುವುದಿಲ್ಲ.

ಮನೆಮಾತಿನಲ್ಲಿ ಈ ಪದದ ವರಸೆಯೇ ಬೇರೆ. ಸಾವಿರ ಜನಕ್ಕೆ ಊಟ ಹಾಕಿ ಮಗಳ ಮದುವೆ ಮಾಡಿದವರು ‘ಹೇಗೋ ಒಂದು ಮಾಡಿ ಮುಗಿಸಿದ್ವಿ’ ಅನ್ನುತ್ತಾರೆ. ಅಂಗಡಿ ಚೆನ್ನಾಗಿ ನಡೆಯುತ್ತಿರುವವರನ್ನು ವಿಚಾರಿಸಿದರೆ ‘ಹೆಂಗೋ ನಡೀತಾ ಇದೆ ಸ್ವಾಮಿ.’ ಅದು ದೃಷ್ಟಿ ತಾಕದಿರಲಿ ಎಂದು ಹಾಕಿದ ಪರದೆ. ಅದೇ ಪದ ಪಕ್ಕದ ಮನೆಯವರ ಬಾಯಲ್ಲಿ, ‘ಅವರ ಮಗ ಹೆಂಗೋ ಇಂಜಿನಿಯರಿಂಗ್ ಮುಗಿಸಿದ’ ಎಂದು ಬಂದರೆ ಪರದೆ ಹರಿದಂತೆಯೇ. ಅಂದರೆ ಹೆಂಗೋ ಎಂಬುದಕ್ಕೆ ಅರ್ಥ ಸಿಗುವುದು ಯಾರು ಹೇಳಿದರು ಎಂಬುದರಿಂದ. ನಾವೇ ಹೇಳಿಕೊಂಡರೆ ವಿನಯ, ಬೇರೆಯವರು ಹೇಳಿದರೆ ಚುಚ್ಚು.

ಫುಟ್‌ಬಾಲಿನಲ್ಲಿ ಈ ಚುಚ್ಚಿಗೆ 2023ರ ಮಾರ್ಚ್ 3ರ ರಾತ್ರಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಇಂಡಿಯನ್ ಸೂಪರ್ ಲೀಗಿನ (ಐಎಸ್‌ಎಲ್) ಪ್ಲೇ-ಆಫ್. ತೊಂಬತ್ತು ನಿಮಿಷದಲ್ಲಿ ಗೋಲಿಲ್ಲ. ಹೆಚ್ಚುವರಿ ಸಮಯದ ಮೊದಲ ಭಾಗದಲ್ಲಿ ಬಾಕ್ಸಿನ ಹೊರಗೆ ಬೆಂಗಳೂರಿಗೆ ಫ್ರೀ ಕಿಕ್. ಬ್ಲಾಸ್ಟರ್ಸ್ ಗೋಲ್‌ಕೀಪರ್ ಇನ್ನೂ ಗೋಡೆ ಕಟ್ಟಿಸುವುದರಲ್ಲಿದ್ದ. ಸುನಿಲ್ ಛೇತ್ರಿ ಚೆಂಡನ್ನು ಮೆಲ್ಲಗೆ ಖಾಲಿ ಗೋಲಿನೊಳಗೆ ಕಳಿಸಿಬಿಟ್ಟ, ರೆಫರಿ ಗೋಲು ಕೊಟ್ಟರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಆಟಗಾರರನ್ನೆಲ್ಲ ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು, ಮತ್ತೆ ಬರಲೇ ಇಲ್ಲ. ಪಂದ್ಯ 1–0 ಎಂದು ಬೆಂಗಳೂರಿನದಾಯಿತು. ಆಮೇಲೆ ಬ್ಲಾಸ್ಟರ್ಸ್‌ಗೆ ನಾಲ್ಕು ಕೋಟಿ ರೂಪಾಯಿ ದಂಡ, ಕೋಚಿಗೆ ಹತ್ತು ಪಂದ್ಯಗಳ ನಿಷೇಧ. ಇವತ್ತಿಗೂ ಬೆಂಗಳೂರಿನ ಆಫೀಸುಗಳಲ್ಲಿ ಕೇರಳದ ಸಹೋದ್ಯೋಗಿ ಆ ಪಂದ್ಯದ ಮಾತೆತ್ತಿ ‘ನೀವು ಗೆದ್ದಿದ್ದು ಹೆಂಗೋ, ಗೊತ್ತಲ್ಲ’ ಅಂದರೆ ನೀಲಿಯವರ ಕಿವಿ ಕೆಂಪಾಗುತ್ತದೆ. ಅದೇ ಪದವನ್ನು ಆ ರಾತ್ರಿ ಅವರೇ ನಗುತ್ತಾ ಹೇಳಿಕೊಂಡಿದ್ದರು. ನನ್ನ ಅಭಿಪ್ರಾಯ ಕೇಳಿದರೆ, ನಿಯಮ ಗೊತ್ತಿದ್ದವನು ಹೊಡೆದ, ನಿಯಮ ಮರೆತವರು ಹೊರಟುಹೋದರು, ಅಲ್ಲಿ ಹೆಂಗೋ ಎಂಬುದಕ್ಕೆ ಜಾಗವೇ ಇಲ್ಲ. ಆದರೆ ಈ ಅಭಿಪ್ರಾಯವನ್ನು ಕೊಚ್ಚಿಯಲ್ಲಿ ಕೂತು ಹೇಳುವ ಧೈರ್ಯ ನನಗಿಲ್ಲ.

ಮರುದಿನವೇ, ಮಾರ್ಚ್ 4ರಂದು, ರಿಯಾದಿನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತು. ಹಿಂದಿನ ಸಲ ಅದು ಬಂದದ್ದು 1968–69ರಲ್ಲಿ, ಆಗ ರಾಜ್ಯದ ಹೆಸರು ಇನ್ನೂ ಮೈಸೂರು. ಈ ಗೆಲುವಿಗೆ ಯಾರೂ ಹೆಂಗೋ ಅನ್ನಲಿಲ್ಲ. ‘ಅಂತೂ ಗೆದ್ರಪ್ಪ’ ಅಂದರು. ಅಂತೂ ಎಂಬುದು ಹಳೆಗನ್ನಡದ ಮನೆತನದ್ದು: ಅಂತು, ಇಂತು, ಎಂತು ಎಂದು ಮೂವರಿದ್ದರು. ಅವರ ಜಾಗಕ್ಕೆ ಹಾಗೆ, ಹೀಗೆ, ಹೇಗೆ ಬಂದು ಕೂತ ಮೇಲೆ ಅಂತು ಇಂತು ಇಬ್ಬರೂ ಬಾಲಕ್ಕೆ ‘ಊ’ ಕಟ್ಟಿಕೊಂಡು ‘ಅಂತೂ ಇಂತೂ’ ಎಂದು ಬದುಕಿಕೊಂಡರು. ಅಂತೂ ಹೇಳುವುದು ಕಾದದ್ದನ್ನು, ಹೆಂಗೋ ಹೇಳುವುದು ನಂಬಲಾಗದ್ದನ್ನು. 2019ರ ಐಎಸ್‌ಎಲ್ ಫೈನಲ್ಲಿನಲ್ಲಿ ಗೋವಾ ವಿರುದ್ಧ 117ನೇ ನಿಮಿಷಕ್ಕೆ ಕಾರ್ನರಿನಿಂದ ಬಂದ ಚೆಂಡಿಗೆ ರಾಹುಲ್ ಭೇಕೆ ತಲೆ ಕೊಟ್ಟನಲ್ಲ, ಅದು ಅಂತೂ ಇಂತೂ. ಹಿಂದಿನ ವರ್ಷ ಕಂಠೀರವದಲ್ಲೇ ಚೆನ್ನೈಯಿನ್‌ಗೆ 3–2ರಿಂದ ಸೋತ ಫೈನಲ್ ಎಲ್ಲರ ಎದೆಯಲ್ಲೂ ಕೂತಿತ್ತು.

ಹೆಂಗೋ ಎಂಬ ಪದಕ್ಕೆ ಇಷ್ಟೊಂದು ಕೆಲಸ ಸಿಕ್ಕಿರುವುದು ಫುಟ್‌ಬಾಲಿನಲ್ಲೇ ಯಾಕೆ? ಕ್ರಿಕೆಟ್ಟಿನಲ್ಲಿ ಮುನ್ನೂರು ರನ್ ಹೊಡೆಯಬೇಕಾದರೆ ನೂರಾರು ಚೆಂಡು ಎದುರಿಸಬೇಕು. ಒಂದು ಅದೃಷ್ಟದ ಅಂಚಿನಿಂದ ಬೌಂಡರಿ ಬಂದರೆ ಉಳಿದ ಚೆಂಡುಗಳು ಅದನ್ನು ನುಂಗಿಹಾಕುತ್ತವೆ. ಕಬಡ್ಡಿಯಲ್ಲಿ ಪಾಯಿಂಟುಗಳ ಮಳೆ. ಫುಟ್‌ಬಾಲಿನಲ್ಲಿ ಸಾಮಾನ್ಯವಾಗಿ ಇಡೀ ಸಂಜೆಗೆ ಒಂದು ಗೋಲು, ಇಲ್ಲವೇ ಎರಡು ಮೂರು. ಎಪ್ಪತ್ತು ನಿಮಿಷ ಚೆಂಡನ್ನು ಎದುರಾಳಿಗೆ ಬಿಟ್ಟುಕೊಟ್ಟು, ಒಂದೇ ಕಾರ್ನರಿನಿಂದ ಗೆದ್ದು ಬರಬಹುದು. ಆಟವೂ ಫಲಿತಾಂಶವೂ ಬೇರೆಬೇರೆ ದಾರಿ ಹಿಡಿಯುವುದು ಈ ಆಟದ ಹುಟ್ಟುಗುಣ. ಅದಕ್ಕೇ ಗೆದ್ದ ಮೇಲೂ ಮಾತು ಮುಗಿಯುವುದಿಲ್ಲ.

2025ರ ವಸಂತದಲ್ಲಿ ಒಂಬತ್ತು ದಿನದೊಳಗೆ ಇದೆಲ್ಲ ಕಾಣಿಸಿಬಿಟ್ಟಿತು. ಮಾರ್ಚ್ 29ರಂದು ಕಂಠೀರವದಲ್ಲಿ ಐಎಸ್‌ಎಲ್ ಪ್ಲೇ-ಆಫ್, ಮುಂಬೈ ಸಿಟಿಗೆ ಐದು ಗೋಲು, ಐದನ್ನೂ ಹೊಡೆದವರು ಬೇರೆಬೇರೆ ಆಟಗಾರರು, ತಿರುಗಿ ಒಂದೂ ಬೀಳಲಿಲ್ಲ. ಅವತ್ತು ಹೆಂಗೋ ಎಂದವನನ್ನು ವೆಸ್ಟ್ ಬ್ಲಾಕ್ ಸ್ಟ್ಯಾಂಡಿನ ಅಭಿಮಾನಿಗಳು ಹೊರಗೆ ಹಾಕುತ್ತಿದ್ದರು. ಏಪ್ರಿಲ್ 2ರಂದು ಅದೇ ಮೈದಾನದಲ್ಲಿ ಸೆಮಿಫೈನಲ್ಲಿನ ಮೊದಲ ಪಂದ್ಯ, ಗೋವಾ ವಿರುದ್ಧ 2–0. ಅಂಕಿ ಚಂದ, ಆದರೆ ಮೊದಲ ಗೋಲು ಗೋವಾದ ಸಂದೇಶ್ ಜಿಂಗನ್ ತನ್ನದೇ ಬಲೆಗೆ ಸೇರಿಸಿದ್ದು. ಎದುರಾಳಿಯೇ ಗೋಲು ಹೊಡೆದುಕೊಟ್ಟರೆ ಹೆಂಗೋ ಎಂಬ ಪದ ಹುಡುಕಿಕೊಂಡು ಹೋಗಬೇಕಾಗಿಲ್ಲ, ತಾನೇ ಬರುತ್ತದೆ.

ನಾಲ್ಕು ದಿನ ಕಳೆದು ಮಡಗಾಂವಿನಲ್ಲಿ ಎರಡನೇ ಪಂದ್ಯ. ಗೋವಾ ಒಂದು ಹೊಡೆಯಿತು, ಆಟ ಮುಗಿಯುವ ಹೊತ್ತಿಗೆ ಇನ್ನೊಂದು. ಎರಡೂ ಪಂದ್ಯ ಸೇರಿ 2–2. ಹೆಚ್ಚುವರಿ ಸಮಯಕ್ಕೆ ಎಲ್ಲರೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದಾಗ, ನಲವತ್ತು ದಾಟಿದ ಛೇತ್ರಿ ಇಂಜುರಿ ಟೈಮಿನಲ್ಲಿ ತಲೆಯಿಂದ ಒಂದನ್ನು ಒಳಗೆ ಹಾಕಿದ. ಪಂದ್ಯ ಸೋತರು, ಫೈನಲ್ಲಿಗೆ ಬಂದರು. ಸೋತ ಪಂದ್ಯಕ್ಕೆ ಕುಣಿದಾಡಿ, ಕುಣಿದು ಸುಸ್ತಾದ ಮೇಲೆ ‘ಡಿಫೆನ್ಸ್ ಮಾತ್ರ ತೂತಾಗಿತ್ತು ಮಗಾ’ ಎಂದು ಶುರುಮಾಡಿದರು. ಅವತ್ತಿನ ಹೆಂಗೋದಲ್ಲಿ ಮೂರು ಭಾವ ಒಟ್ಟಿಗಿದ್ದವು: ನೆಮ್ಮದಿ, ನಾಚಿಕೆ, ಮುಂದಿನ ವಾರದ ಭಯ.

ಭಯ ಸುಳ್ಳಾಗಲಿಲ್ಲ. ಏಪ್ರಿಲ್ 12ರಂದು ಕೋಲ್ಕತದ ಸಾಲ್ಟ್ ಲೇಕ್ ಸ್ಟೇಡಿಯಮ್ಮಿನಲ್ಲಿ ಮೋಹನ್ ಬಾಗಾನಿನ ಸ್ವಂತ ಗೋಲಿನಿಂದಲೇ ಮುನ್ನಡೆ ಸಿಕ್ಕಿತು, ಪೆನಾಲ್ಟಿಯಿಂದ ಸಮವಾಯಿತು, ಹೆಚ್ಚುವರಿ ಸಮಯದಲ್ಲಿ 2–1ರ ಸೋಲು.

‘ಗೆಲುವು ಗೆಲುವೇ, ಅದಕ್ಕೇನು ಬಣ್ಣ’ ಎನ್ನುವ ಪಂಗಡವೂ ಉಂಟು. ಅಂಕಪಟ್ಟಿಯಲ್ಲಿ ಹೆಂಗೋ ಎಂಬ ಕಾಲಮ್ಮಿಲ್ಲ, ನಿಜ. 2022–23ರಲ್ಲಿ ಅರ್ಧ ಸೀಸನ್ ಕೆಳಗೆ ತೆವಳುತ್ತಿದ್ದ ತಂಡ ಲೀಗಿನ ಕೊನೆಯ ಎಂಟು ಪಂದ್ಯಗಳನ್ನು ಸಾಲಾಗಿ ಗೆದ್ದಿತು. ಮೊದಲೆರಡು ಗೆಲುವಿಗೆ ಎಲ್ಲರೂ ಹೆಂಗೋ ಅಂದರು. ನಾಲ್ಕನೆಯದಕ್ಕೆ ಅನ್ನಲು ಸಂಕೋಚವಾಯಿತು. ಎಂಟನೆಯದರ ಹೊತ್ತಿಗೆ ಆ ಪದ ಯಾರ ಬಾಯಲ್ಲೂ ಇರಲಿಲ್ಲ. ಆದರೆ ಅದರ ಮುಂದಿನ ಸೀಸನ್ನಿನಲ್ಲಿ ಹತ್ತನೇ ಸ್ಥಾನಕ್ಕೆ ಇಳಿದಾಗ ‘ನಾವು ಅವತ್ತೇ ಹೇಳಿದ್ವಿ’ ಎಂದವರು ಈ ಗೊಣಗುವವರೇ ಹೊರತು ಗೆಲುವು ಗೆಲುವೇ ಎಂದವರಲ್ಲ. ನಾನು ಗೊಣಗುವವರ ಪಕ್ಷ. ಓಟದ ಟ್ರ್ಯಾಕಿನ ಆಚೆ, ಆಟಗಾರರ ಬೆನ್ನಿನ ನಂಬರು ಕೂಡ ಸರಿಯಾಗಿ ಕಾಣದ ದೂರದಲ್ಲಿ ಕೂತು, ಎಡಗಡೆಯ ಬ್ಯಾಕ್ ಎಷ್ಟು ಸಲ ತನ್ನ ಜಾಗ ಬಿಟ್ಟ ಎಂದು ನೆನಪಿಟ್ಟುಕೊಳ್ಳುವವರನ್ನು ಕಂಡರೆ ಗೌರವ ಬರುತ್ತದೆ.

ಸೋತಾಗ ಮಾತ್ರ ‘ಓ’ ಉದುರಿಹೋಗುತ್ತದೆ. ಹೆಂಗೋ ಸೋತ್ವಿ ಎಂದು ಯಾವ ಅಭಿಮಾನಿಯೂ ಹೇಳಿದ್ದನ್ನು ನಾನು ಕೇಳಿಲ್ಲ. ಅಲ್ಲಿ ಬರೀ ಪ್ರಶ್ನೆ: ‘ಹೆಂಗ್ ಸೋತ್ವಿ?’ ಹಳೆಯ ಅಭಿಮಾನಿಗಳಲ್ಲಿ ಈ ಪ್ರಶ್ನೆಗೆ ಒಂದು ಖಾಯಂ ತಾರೀಖಿದೆ, 2015ರ ಮೇ 31. ಅವತ್ತು ಕಂಠೀರವದಲ್ಲಿ ಐ-ಲೀಗಿನ ಕೊನೆಯ ಪಂದ್ಯ, ಬಾಗಾನ್ ವಿರುದ್ಧ ಗೆದ್ದರೆ ಕಪ್ ನಮ್ಮದು. ಜಾನ್ ಜಾನ್ಸನ್ ಗೋಲಿನಿಂದ ಮುಂದಿದ್ದೆವು. ಕೊನೆಗೆ 1–1, ಕಪ್ ಕೋಲ್ಕತಕ್ಕೆ. ಅಂದರೆ ಸೋತದ್ದೂ ಅಲ್ಲ, ಡ್ರಾ. ಆದರೂ ಸೋತ್ವಿ ಎಂದೇ ಹೇಳುತ್ತಾರೆ, ಹೆಂಗೆ ಎಂದು ಈಗಲೂ ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ. ಉತ್ತರ ಅವರಿಗೆಲ್ಲ ಬಾಯಿಪಾಠ: 87ನೇ ನಿಮಿಷ, ಕಾರ್ನರ್, ಬೆಲ್ಲೊ ರಜಾಕ್‌ನ ತಲೆ.