ಗೆಜ್ಜೆ ಕಟ್ಟಿದ ಭಕ್ತಿ

ಮಲಪನಗುಡಿಯ ದಾರಿಯಲ್ಲಿ ಹಂಪಿಗೆ ಬಂದವರಿಗೆ ಹಜಾರರಾಮನ ಗುಡಿಯ ಹೊರಗೋಡೆಯಲ್ಲಿ, ಮಹಾನವಮಿ ದಿಬ್ಬದ ಪಟ್ಟಿಕೆಗಳಲ್ಲಿ ಸಾಲುಸಾಲು ನರ್ತಕಿಯರು ಕಾಣುತ್ತಾರೆ. ಇದೆಲ್ಲ ಅರಸರ ವಿಲಾಸ, ಇದರಲ್ಲಿ ಮೋಕ್ಷದ ಮಾತೆಲ್ಲಿ ಎಂದು ಕೇಳುವವರಿದ್ದಾರೆ. ಕೇಳುವುದರಲ್ಲಿ ತಪ್ಪಿಲ್ಲ. ಕೃಷ್ಣದೇವರಾಯನ ಕಾಲಕ್ಕೆ, 1520ರ ಸುಮಾರಿಗೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಅರಮನೆಯ ನೃತ್ಯಶಾಲೆಯನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಪ್ರತಿ ಕುಣಿತದ ಕೊನೆಯ ಭಂಗಿಯನ್ನು ಅಲ್ಲಿ ಕೆತ್ತಿಟ್ಟಿದ್ದರು. ಮರೆತವಳು ಅದನ್ನು ನೋಡಿ ನೆನಪು ಮಾಡಿಕೊಳ್ಳಬೇಕು. ಮೈಕಾಲು ಸಡಿಲಿಸಲು ಕೈಯಲ್ಲಿ ಹಿಡಿದು ಜಗ್ಗುವ ಜಾಗವೂ ಒಂದಿತ್ತು. ಇದು ಬರೀ ವಿಲಾಸವಲ್ಲ, ದಿನದಿನದ ಕಠಿಣ ಅಭ್ಯಾಸ. ಆದರೆ ಆ ದೇಹಗಳ ಮೇಲೆ ಅರಸನ ಅಧಿಕಾರವಿತ್ತು ಎಂಬುದನ್ನು ಮುಚ್ಚಿಡಬಾರದು.

ಅದೇ ಊರಿನಲ್ಲಿ, ಅದೇ ಶತಮಾನದಲ್ಲಿ, ಹರಿದಾಸರು ಕುಣಿತವನ್ನು ಬೀದಿಗೆ ತಂದರು. ಕಾಲಿಗೆ ಗೆಜ್ಜೆ, ಕೈಯಲ್ಲಿ ತಂಬೂರಿ, ಚಿಟಿಕೆ, ಮುಂದೆ ವಿಠ್ಠಲ. ಮಾಧ್ವಮತದಲ್ಲಿ ಮುಕ್ತಿ ದೊರೆಯುವುದು ಹರಿಯ ಪ್ರಸಾದದಿಂದಲೇ ಹೊರತು ಹೆಜ್ಜೆಯಿಂದಲ್ಲ ಎಂಬ ಆಕ್ಷೇಪ ಗಟ್ಟಿಯಾದದ್ದೇ. ಆದರೂ ಆ ಪ್ರಸಾದಕ್ಕೆ ಭಕ್ತಿ ಬೇಕು. ನಾಚಿಕೆ, ಅಂತಸ್ತು ಬಿಟ್ಟು ಜನರೆದುರು ಕುಣಿಯುವುದಕ್ಕಿಂತ ಅಹಂಕಾರ ಕರಗಿಸುವ ಸಾಧನೆ ಬೇರೆ ಯಾವುದಿದೆ? ವೇದಾಂತದ ಘನ ಪಂಡಿತರಾದ ವ್ಯಾಸರಾಯರೇ ಕನ್ನಡದಲ್ಲಿ ಹಾಡು ಕಟ್ಟಿದರು, ಪುರಂದರದಾಸರಿಗೆ ಗುರುವಾದರು. 1539ರಲ್ಲಿ ತೀರಿಕೊಂಡ ಅವರ ಬೃಂದಾವನ ಆನೆಗೊಂದಿಯ ನವಬೃಂದಾವನದಲ್ಲಿದೆ. ವಿಜಯವಿಠ್ಠಲ ಗುಡಿಗೆ ಹೋದವರು ಕಲ್ಲಿನ ರಥ ನೋಡಿ ಹಿಂದಿರುಗಬೇಡಿ, ಹೊಳೆದಂಡೆಯ ಪುರಂದರ ಮಂಟಪದವರೆಗೂ ನಡೆಯಿರಿ.