ವಾರಕ್ಕೊಂದು ಕರೆ, ದಿನದ ಮಾತ್ರೆ

ಹೈದರಾಬಾದಿನ ಕೋಠಿಯಲ್ಲಿ ಹಳೆಯ ಪುಸ್ತಕದಂಗಡಿಗಳಿವೆ, ಉಸ್ಮಾನಿಯಾ ಮೆಡಿಕಲ್ ಕಾಲೇಜಿದೆ. ತೆಲಂಗಾಣದ ಏಡ್ಸ್ ನಿಯಂತ್ರಣ ಸಂಸ್ಥೆಯ ಕಚೇರಿ ಇರುವುದೂ ಅಲ್ಲಿನ ಸುಲ್ತಾನ್ ಬಜಾರಿನಲ್ಲೇ. ಬೀದರ್, ಕಲಬುರಗಿ ಕಡೆಯವರು ಚಿಕಿತ್ಸೆಗೆಂದು ಬಸ್ಸು ಹತ್ತಿ ಬರುವ ಊರಿದು. ಎಚ್‌ಐವಿ ಇರುವವರ ಮಟ್ಟಿಗೆ ದೂರದ ಊರಿನಲ್ಲಿ ಇನ್ನೊಂದು ಅನುಕೂಲವಿದೆ: ಗುರುತಿನವರು ಯಾರೂ ಎದುರಾಗುವುದಿಲ್ಲ.

ಕೇಂದ್ರ ಸರ್ಕಾರ ಎಚ್‌ಐವಿ ಔಷಧವನ್ನು ಉಚಿತವಾಗಿ ಕೊಡತೊಡಗಿದ್ದು 2004ರ ಏಪ್ರಿಲ್ 1ರಿಂದ. ಔಷಧ ಕೈಗೆ ಸಿಕ್ಕ ಮೇಲೆ ಅದನ್ನು ಬದುಕಿಡೀ ತಪ್ಪದೆ ನುಂಗುವುದು ಹೇಗೆಂಬ ಚಿಂತೆ ಶುರುವಾಯಿತು. ಆಗಿನ ಮಾತ್ರೆಗಳನ್ನು ನೂರಕ್ಕೆ 95 ಸಲವಾದರೂ ತೆಗೆದುಕೊಳ್ಳಬೇಕೆಂದು ವೈದ್ಯರು ಹೇಳುತ್ತಿದ್ದರು. ಪದೇ ಪದೇ ತಪ್ಪಿದರೆ ವೈರಸ್ಸು ಔಷಧಕ್ಕೆ ಬಗ್ಗದಂತಾಗುತ್ತದೆ. ಅಷ್ಟರಲ್ಲಿ ಎಲ್ಲರ ಕೈಗೂ ಮೊಬೈಲ್ ಬರತೊಡಗಿತ್ತು; ಮಾತ್ರೆ ತಪ್ಪದಂತೆ ನೋಡಿಕೊಳ್ಳಲು ಅದು ನೆರವಾದೀತೇ ಎಂಬ ಯೋಚನೆ ಹುಟ್ಟಿತು.

ಮೊದಲ ದೊಡ್ಡ ಭರವಸೆ ಕೀನ್ಯಾದಿಂದ ಬಂತು. 538 ರೋಗಿಗಳ ಆ ಪ್ರಯೋಗದ ಫಲಿತಾಂಶ 2010ರಲ್ಲಿ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ವಾರಕ್ಕೊಮ್ಮೆ ಹೋಗುತ್ತಿದ್ದ ಎಸ್ಸೆಮ್ಮೆಸ್ಸಿನಲ್ಲಿ ಇದ್ದದ್ದು ‘ಹೇಗಿದ್ದೀರಿ?’ ಎಂಬಷ್ಟೇ, ರೋಗದ ಹೆಸರಿಲ್ಲ, ಮಾತ್ರೆಯ ಸುದ್ದಿಯಿಲ್ಲ. ‘ಚೆನ್ನಾಗಿದ್ದೇನೆ’ ಅಥವಾ ‘ತೊಂದರೆಯಿದೆ’ ಎಂದು 48 ಗಂಟೆಯೊಳಗೆ ಉತ್ತರಿಸಬೇಕಿತ್ತು. ತೊಂದರೆ ಎಂದವರಿಗೂ ಸುಮ್ಮನಿದ್ದವರಿಗೂ ಕ್ಲಿನಿಕ್ಕಿನವರು ತಾವೇ ಫೋನ್ ಮಾಡಿ ವಿಚಾರಿಸುತ್ತಿದ್ದರು. ಸಂದೇಶ ಪಡೆದವರಲ್ಲಿ ಶೇ. 57 ಮಂದಿಯ ವೈರಸ್ಸು ಹತೋಟಿಗೆ ಬಂದಿತ್ತು, ಉಳಿದವರಲ್ಲಿ ಶೇ. 48. ಮರುವರ್ಷ ಬಂದ ಕೀನ್ಯಾದ ಇನ್ನೊಂದು ಅಧ್ಯಯನದಲ್ಲಿ ವಾರದ ಸಂದೇಶ ಫಲ ಕೊಟ್ಟಿತು, ದಿನದಿನದ ಸಂದೇಶ ಕೊಡಲಿಲ್ಲ. ಕ್ಯಾಮರೂನಿನಲ್ಲಿ ವಾರದ ಸಂದೇಶದಿಂದಲೂ ಪ್ರಯೋಜನ ಕಾಣಲಿಲ್ಲ. ಆದರೂ 2013ರ ಹೊತ್ತಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲಿ ಎಸ್ಸೆಮ್ಮೆಸ್ಸಿಗೆ ಜಾಗ ಸಿಕ್ಕಿತ್ತು.

ನಮ್ಮ ಕಡೆಯ ಕಥೆ ಬೆಂಗಳೂರಿನ ಸೇಂಟ್ ಜಾನ್ಸ್ ಆಸ್ಪತ್ರೆಯದು. ಡಾ. ಅನಿತಾ ಶೆಟ್ ಮತ್ತು ಸಂಗಡಿಗರು ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯವರ ಜೊತೆಗೂಡಿ ಮೊಬೈಲಿನಲ್ಲಿ ಮಾತ್ರೆ ನೆನಪಿಸುವ ಕೆಲಸಕ್ಕೆ ಕೈಹಾಕಿದರು. ಓದುಬರಹ ಬಾರದವರನ್ನೂ ಮುಟ್ಟಬೇಕೆಂದರೆ ಅಕ್ಷರದ ಸಂದೇಶ ಸಾಲದು. ಹಾಗಾಗಿ ವಾರಕ್ಕೊಂದು ಧ್ವನಿಮುದ್ರಿತ ಕರೆ, ಜೊತೆಗೆ ಯಾರು ನೋಡಿದರೂ ಗುಟ್ಟು ಬಿಡದಂಥ ಒಂದು ಚಿತ್ರ. ಕರೆಗೆ ಗುಂಡಿ ಒತ್ತಿ ಉತ್ತರಿಸಬಹುದಿತ್ತು. 2012ರಲ್ಲಿ ಪ್ರಕಟವಾದ 150 ಜನರ ಅಧ್ಯಯನದಲ್ಲಿ, ಮಾತ್ರೆ ಸರಿಯಾಗಿ ತೆಗೆದುಕೊಳ್ಳುವವರು ಶೇ. 85ರಿಂದ 91ಕ್ಕೇರಿದರು, ಕರೆ ನಿಲ್ಲಿಸಿ ಆರು ತಿಂಗಳಾದ ಮೇಲೂ ಆ ಪ್ರಮಾಣ ಕುಸಿಯಲಿಲ್ಲ.

ಆ ಹುರುಪಿನಲ್ಲೇ ದಕ್ಷಿಣ ಭಾರತದ ಮೂರು ಕಡೆ ಹೊಸದಾಗಿ ಔಷಧ ಶುರುಮಾಡಿದ 631 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ 96 ವಾರ ಗಮನಿಸಿದರು. 2014ರಲ್ಲಿ ‘ಬಿಎಂಜೆ’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಉತ್ತರ ಖಚಿತವಾಗಿತ್ತು: ಕರೆ ಹೋದವರಿಗೂ ಹೋಗದವರಿಗೂ ವ್ಯತ್ಯಾಸವಿಲ್ಲ. ಮಾತ್ರೆ ಸಾಕಷ್ಟು ಸರಿಯಾಗಿ ತೆಗೆದುಕೊಳ್ಳದವರು ಒಂದು ಗುಂಪಿನಲ್ಲಿ ಶೇ. 27, ಇನ್ನೊಂದರಲ್ಲಿ ಶೇ. 28ರಷ್ಟು.

ಈ ಕ್ಷೇತ್ರದಲ್ಲಿ ನಾನು ಅತ್ಯಂತ ಗೌರವದಿಂದ ಕಾಣುವ ಫಲಿತಾಂಶ ಇದು. ಮಾತ್ರೆ ತಪ್ಪುವುದು ಮರೆವಿನಿಂದ ಮಾತ್ರವೇ? ಅತ್ತೆಯ ಎದುರು ಡಬ್ಬಿ ತೆಗೆಯಲಾಗದ ಸೊಸೆಗೆ ಹೊತ್ತು ಚೆನ್ನಾಗಿಯೇ ನೆನಪಿರುತ್ತದೆ. ಒಂದು ದಿನದ ಕೂಲಿ ಬಿಟ್ಟು ಎಚ್‌ಐವಿ ಔಷಧ ಕೊಡುವ ಎಆರ್‌ಟಿ ಕೇಂದ್ರಕ್ಕೆ ಹೋಗಲಾಗದವನಿಗೂ ಅಷ್ಟೇ. ಕೀನ್ಯಾದಲ್ಲಿ ‘ತೊಂದರೆಯಿದೆ’ ಎಂದವರ ಮಾತು ಕೇಳಲು ಆ ತುದಿಯಲ್ಲಿ ಒಬ್ಬರಿದ್ದರು; ಆ ಪ್ರಯೋಗದ ಬಲವಿದ್ದದ್ದು ಅಲ್ಲೇ ಎಂದು ನನಗನ್ನಿಸುತ್ತದೆ.

ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಹುಟ್ಟಿದ ‘99ಡಾಟ್ಸ್’ ಕರೆಯ ದಿಕ್ಕನ್ನೇ ತಿರುಗಿಸಿತು. ಕ್ಷಯರೋಗಿಗಳಿಗೆಂದು ಮಾಡಿದ ಈ ವ್ಯವಸ್ಥೆಯಲ್ಲಿ, ಮಾತ್ರೆಯನ್ನು ಪೊಟ್ಟಣದಿಂದ ಒತ್ತಿ ತೆಗೆದಾಗ ಅದಕ್ಕೆ ಸುತ್ತಿದ ಲಕೋಟೆಯಲ್ಲಿ ಅಡಗಿದ್ದ ನಂಬರ್ ಕಾಣುತ್ತದೆ. ರೋಗಿಯೇ ಅದಕ್ಕೆ ಪುಕ್ಕಟೆ ಕರೆ ಮಾಡಬೇಕು. ಎಚ್‌ಐವಿ, ಕ್ಷಯ ಎರಡೂ ಇದ್ದವರಲ್ಲಿ ಮಾತ್ರೆ ನಿಜಕ್ಕೂ ನುಂಗಿದ್ದಾರೆಯೇ ಎಂದು ಮೂತ್ರ ಪರೀಕ್ಷೆ ಮಾಡಿ ನೋಡಿದಾಗ ಕರೆಯ ಲೆಕ್ಕ ಪೂರ್ತಿ ತಾಳೆಯಾಗಲಿಲ್ಲ.

ಇತ್ತ ಔಷಧವೇ ಸುಧಾರಿಸಿದೆ. ಡೊಲುಟೆಗ್ರಾವಿರ್ ಇರುವ ಮಾತ್ರೆಯನ್ನು ದಿನಕ್ಕೊಮ್ಮೆ ನುಂಗಿದರಾಯಿತು. ಅಪರೂಪಕ್ಕೊಮ್ಮೆ ತಪ್ಪಿದರೂ ಹಳೆಯವುಗಳಷ್ಟು ಬೇಗ ಅದು ಕೈಕೊಡುವುದಿಲ್ಲ. ಗುಟ್ಟು ಬಯಲಾಗುವ ಭಯಕ್ಕೂ ಕಾನೂನಿನ ಆಸರೆಯಿದೆ: ರೋಗಿಯ ಎಚ್‌ಐವಿ ಮಾಹಿತಿಯನ್ನು ಗುಟ್ಟಾಗಿಡಬೇಕೆಂದು 2017ರ ಎಚ್‌ಐವಿ ಕಾಯ್ದೆಯೇ ಹೇಳುತ್ತದೆ. ಸಿಮ್ ಬದಲಾಯಿಸಿದವರನ್ನು, ಇಡೀ ಮನೆಗೆ ಒಂದೇ ಫೋನ್ ಇರುವವರನ್ನು ಮುಟ್ಟುವ ಕೆಲಸ ಮಾತ್ರ ಇವತ್ತಿಗೂ ಎಆರ್‌ಟಿ ಕೇಂದ್ರದ ಆಪ್ತಸಮಾಲೋಚಕರದೇ. ಯಂತ್ರದ ಕರೆಗೆ ಹಾಕುವ ಹಣದಲ್ಲಿ ಮೊದಲು ಅವರ ಸಂಖ್ಯೆ ಹೆಚ್ಚಲಿ.