ಚರ್ಮದ ಸಸ್ಯಜನ್ಯ ಹದ ಮತ್ತು ಕೊಲ್ಹಾಪುರಿ ಚಪ್ಪಲಿಯ ಭೌಗೋಳಿಕ ಸೂಚಕ ನೋಂದಣಿ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಹಿಂದೆ ಅಥಣಿ ತಾಲ್ಲೂಕಿಗೇ ಸೇರಿದ್ದ ಕಾಗವಾಡ ಭಾಗದಲ್ಲಿ ಕೊಲ್ಹಾಪುರಿ ಚಪ್ಪಲಿ ತಯಾರಿಕೆಯು ಪರಂಪರಾಗತ ಕಸುಬಾಗಿರುತ್ತದೆ. ಈ ಚಪ್ಪಲಿಯ ಬಾಳಿಕೆಯು ಹೊಲಿಗೆಗಿಂತ ಮೊದಲು ಚರ್ಮದ ಹದವನ್ನು ಅವಲಂಬಿಸಿದೆ.

ಹಸಿ ಚರ್ಮದ ಮುಖ್ಯ ಘಟಕ ಕೊಲಾಜೆನ್ ಎಂಬ ನಾರು. ಹದ ಮಾಡದೆ ಒಣಗಿಸಿದಲ್ಲಿ ಈ ನಾರುಗಳು ಒಂದಕ್ಕೊಂದು ಅಂಟಿ ಚರ್ಮವು ಹಲಗೆಯಂತೆ ಬಿರುಸಾಗುತ್ತದೆ, ನೆನೆದರೆ ಕೊಳೆಯುತ್ತದೆ. ಕರಿಜಾಲಿ ತೊಗಟೆ ಮತ್ತು ಅಳಲೆಕಾಯಿಯಲ್ಲಿರುವ ಟ್ಯಾನಿನ್ ನಾರುಗಳ ನಡುವೆ ಸೇರಿ, ಅವುಗಳೊಡನೆ ಹೈಡ್ರೋಜನ್ ಬಂಧವನ್ನು ಏರ್ಪಡಿಸಿ, ಅಂಟುವಿಕೆಯನ್ನೂ ಕೊಳೆಯುವಿಕೆಯನ್ನೂ ತಡೆಯುತ್ತದೆ. ಸುಮಾರು 65 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಮುದುಡುವ ಚರ್ಮವು ಹದದ ನಂತರ 75ರಿಂದ 85 ಡಿಗ್ರಿಯವರೆಗೆ ತಾಳಿಕೊಳ್ಳುತ್ತದೆ. ಇಂದಿನ ಪ್ರಯೋಗಾಲಯಗಳಲ್ಲಿ ಗಂಟುಕಟ್ಟುವ ಇಂಗಾಲದ ನ್ಯಾನೊ ಕೊಳವೆಗಳಿಗೆ ಪಾಲಿಮರ್ ಬೆಸೆದು ಬಿಡಿಬಿಡಿಯಾಗಿಸುವ ವಿಧಾನವೂ ಸ್ಥೂಲವಾಗಿ ಇದನ್ನೇ ಹೋಲುತ್ತದೆ.

ಸುಣ್ಣದ ನೀರಿನಲ್ಲಿ ಕೂದಲು ತೆಗೆದ ಚರ್ಮವನ್ನು ಚೀಲದಂತೆ ಹೊಲಿದು, ತೂಗುಹಾಕಿ, ಒಳಗೆ ತೊಗಟೆಯ ರಸವನ್ನು ತುಂಬುವುದು ಸಾಂಪ್ರದಾಯಿಕ ಕ್ರಮ. ರಸವನ್ನು ಮೊದಲು ತೆಳುವಾಗಿ, ಅನಂತರ ಗಟ್ಟಿಯಾಗಿ ಬಳಸತಕ್ಕದ್ದು. ಆರಂಭದಲ್ಲಿಯೇ ಗಟ್ಟಿ ರಸ ಬಳಸಿದಲ್ಲಿ ಮೇಲ್ಪದರ ಮಾತ್ರ ಬಿಗಿದು ಒಳಭಾಗ ಹಸಿಯಾಗಿಯೇ ಉಳಿಯುತ್ತದೆ. ಅಂತಹ ಅಟ್ಟೆ ಮಳೆಗಾಲದಲ್ಲಿ ಒಳಗಿನಿಂದ ಕೆಡುತ್ತದೆ. ವಾರಗಟ್ಟಲೆ ಹಿಡಿಯುವ ಈ ಕೆಲಸವನ್ನು ಕ್ರೋಮಿಯಂ ಲವಣ ಒಂದೆರಡು ದಿನಗಳಲ್ಲಿ ಮುಗಿಸುವುದರಿಂದ ಮಾರುಕಟ್ಟೆಯಲ್ಲಿ ಎರಡೂ ಬಗೆಯ ಚರ್ಮ ದೊರೆಯುತ್ತದೆ.

ಸಿದ್ಧ ಚರ್ಮ ಕೊಳ್ಳುವವರು ಕತ್ತರಿಸಿದ ಅಂಚನ್ನು ಪರಿಶೀಲಿಸುವುದು ಸೂಕ್ತ. ಸಸ್ಯಜನ್ಯ ಹದದ ಚರ್ಮ ಒಳಗೂ ಕಂದು ಬಣ್ಣದ್ದಾಗಿರುತ್ತದೆ. ಕ್ರೋಮ್ ಚರ್ಮದ ಒಳಭಾಗ ಸಾಮಾನ್ಯವಾಗಿ ನೀಲಿ ಮಿಶ್ರಿತ ಬೂದು. ಸಸ್ಯಜನ್ಯ ಚರ್ಮವನ್ನು ಒದ್ದೆ ಮಾಡಿ ಕಬ್ಬಿಣದ ಮೊಳೆಯನ್ನು ಅದರ ಮೇಲಿಟ್ಟರೆ ಕಪ್ಪು ಕಲೆ ಮೂಡುತ್ತದೆ.

ಕೊಲ್ಹಾಪುರಿ ಚಪ್ಪಲಿಗೆ 2018-19ನೇ ಸಾಲಿನಲ್ಲಿ ಭೌಗೋಳಿಕ ಸೂಚಕ ನೋಂದಣಿ ದೊರೆತಿದೆ. ಕರ್ನಾಟಕದ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್ಕಾಂ ನಿಗಮಗಳು ಇದರ ಜಂಟಿ ನೋಂದಣಿದಾರರು. ಕರ್ನಾಟಕದಲ್ಲಿ ಬೆಳಗಾವಿ, ಬಾಗಲಕೋಟೆ, ಧಾರವಾಡ ಮತ್ತು ವಿಜಯಪುರ ಜಿಲ್ಲೆಗಳು ಇದರ ವ್ಯಾಪ್ತಿಗೆ ಒಳಪಡುತ್ತವೆ. ಆದರೆ ಈ ಜಿಲ್ಲೆಗಳಲ್ಲಿ ಚಪ್ಪಲಿ ತಯಾರಿಸಿದ ಮಾತ್ರಕ್ಕೆ ಸೂಚಕ ಬಳಸುವ ಕಾನೂನುಬದ್ಧ ಹಕ್ಕು ತಾನಾಗಿ ಬರುವುದಿಲ್ಲ. ಕುಶಲಕರ್ಮಿಗಳು 1999ರ ಅಧಿನಿಯಮದ ಮೇರೆಗೆ ‘ಅಧಿಕೃತ ಬಳಕೆದಾರ’ರಾಗಿ ನೋಂದಾಯಿಸಿಕೊಳ್ಳತಕ್ಕದ್ದು. ತಾವು ಉತ್ಪಾದಕರೆಂಬ ಆಧಾರದೊಡನೆ ಜಿಐ-3 ನಮೂನೆಯಲ್ಲಿ ಚೆನ್ನೈನ ಭೌಗೋಳಿಕ ಸೂಚಕಗಳ ನೋಂದಣಿ ಕಚೇರಿಗೆ ಅರ್ಜಿ ಸಲ್ಲಿಸಬೇಕು. 2020ರ ತಿದ್ದುಪಡಿಯಲ್ಲಿ ಅರ್ಜಿ ಶುಲ್ಕವನ್ನು 500 ರೂಪಾಯಿಗಳಿಂದ 10 ರೂಪಾಯಿಗಳಿಗೆ ಇಳಿಸಲಾಯಿತು. ಬಳಕೆದಾರರ ನೋಂದಣಿಯು 10 ವರ್ಷ, ಅಥವಾ ಮೂಲ ಸೂಚಕದ ನೋಂದಣಿ ಅದಕ್ಕೂ ಮೊದಲೇ ಮುಗಿದಲ್ಲಿ ಅಲ್ಲಿಯವರೆಗೆ, ಊರ್ಜಿತದಲ್ಲಿರುತ್ತದೆ.